ಸೋತ ಮೇಲಿನ ಕರ್ತವ್ಯ

ಉದ್ಯೋಗ ಕಳೆದುಕೊಂಡವನಿಗೆ, ಬಡ್ತಿ ತಪ್ಪಿದವನಿಗೆ, ವ್ಯಾಪಾರದಲ್ಲಿ ನಷ್ಟ ಹೊಂದಿದವನಿಗೆ ಹಣದ ಚಿಂತೆಗಿಂತಲೂ ನಾಲ್ಕು ಜನರಿಗೆ ಉತ್ತರ ಹೇಳುವ ಸಂಕೋಚವೇ ಹೆಚ್ಚು. ಬಂಧುಗಳ ಮನೆಯ ಶುಭಕಾರ್ಯಗಳಿಗೆ ಹೋಗುವುದನ್ನೂ ದೇವಸ್ಥಾನಕ್ಕೆ ಬರುವುದನ್ನೂ ಆತ ಕ್ರಮೇಣ ಬಿಟ್ಟುಬಿಡುತ್ತಾನೆ. ಇಂಥವನ ಕರ್ತವ್ಯವೇನು? ಅವನ ಮನೆಯವರ ಕರ್ತವ್ಯವೇನು? ಇದನ್ನು ವಿಚಾರಮಾಡಲು ಉಡುಪಿಯ ಸೀಮೆಯವರೇ ಆದ ಹಿರಿಯರೊಬ್ಬರ ಜೀವನದ ಒಂದು ಘಟ್ಟವನ್ನು ನೋಡೋಣ.

ಪ್ರೊ. ಯು. ಆರ್. ರಾಯರು 1932ರಲ್ಲಿ ಅದಮಾರಿನಲ್ಲಿ ಜನಿಸಿದರು. 1975ರಲ್ಲಿ ಕಕ್ಷೆ ಸೇರಿದ ನಮ್ಮ ದೇಶದ ಪ್ರಥಮ ಉಪಗ್ರಹ ಆರ್ಯಭಟವು ಬೆಂಗಳೂರಿನ ಪೀಣ್ಯದಲ್ಲಿ ಅವರ ನೇತೃತ್ವದಲ್ಲಿಯೇ ಸಿದ್ಧವಾಯಿತು. 1984ರಲ್ಲಿ ಅವರು ಇಸ್ರೋ ಸಂಸ್ಥೆಯ ಅಧ್ಯಕ್ಷರಾದರು. ಅನಂತರ ಬಂದದ್ದು ಪರೀಕ್ಷೆಯ ಕಾಲ. 1987ರ ಮಾರ್ಚ್ 24ರಂದು ಶ್ರೀಹರಿಕೋಟೆಯಿಂದ ಹಾರಿದ ಎ.ಎಸ್.ಎಲ್.ವಿ. ರಾಕೆಟ್ಟಿನ ಪಕ್ಕದ ಮೋಟಾರುಗಳು ಉರಿದು ಮುಗಿದರೂ ನಡುವಿನ ಮೋಟಾರು ಹೊತ್ತಿಕೊಳ್ಳಲಿಲ್ಲ. 1988ರ ಜುಲೈ 13ರ ಎರಡನೆಯ ಪ್ರಯತ್ನದಲ್ಲಿ ಅದು ಹೊತ್ತಿಕೊಂಡಿತು. ಆದರೆ ರಾಕೆಟ್ಟು ನಿಯಂತ್ರಣ ತಪ್ಪಿ ಮುರಿದುಬಿತ್ತು.

ಮೊದಲ ದೋಷವನ್ನು ತಿದ್ದಿದರೂ ಎರಡನೆಯ ಸೋಲು ಬಂದಿತೆಂಬುದನ್ನು ಗಮನಿಸಬೇಕು. ಹಾಗೆಂದು ತಿದ್ದಿದ್ದು ವ್ಯರ್ಥವಾಗಲಿಲ್ಲ. ಮೂರನೆಯ ಹಾರಾಟಕ್ಕೆ ಆತುರಪಡದೆ ಸುಮಾರು ನಾಲ್ಕು ವರ್ಷ ಕಾದರು. ಸ್ಥಿರತೆಗಾಗಿ ರಾಕೆಟ್ಟಿಗೆ ರೆಕ್ಕೆಗಳನ್ನು ಜೋಡಿಸಿದರು. ಪಕ್ಕದ ಮೋಟಾರುಗಳು ಆರುವುದನ್ನು ಹಾರಾಟದಲ್ಲಿಯೇ ಅರಿತು ನಡುವಿನದನ್ನು ಹೊತ್ತಿಸುವ ವ್ಯವಸ್ಥೆ ಮಾಡಿದರು. 1992ರ ಮೇ 20ರಂದು ಉಪಗ್ರಹವು ಕಕ್ಷೆ ಸೇರಿತು. ಉದ್ದೇಶಿಸಿದ್ದಕ್ಕಿಂತ ಕೆಳಗಿನ ಕಕ್ಷೆಯಾದರೂ ಸೇರಿತು. ಇನ್ನೂ ದೊಡ್ಡದಾದ ಪಿ.ಎಸ್.ಎಲ್.ವಿ.ಯ ಮೊದಲ ಹಾರಾಟ 1993ರ ಸೆಪ್ಟೆಂಬರಿನಲ್ಲಿ ವಿಫಲವಾಯಿತು. 1994ರ ಅಕ್ಟೋಬರಿನಲ್ಲಿ ಸಫಲವಾಯಿತು. ಆ ಹೊತ್ತಿಗೆ ರಾಯರು ಅಧ್ಯಕ್ಷ ಪದವಿಯಿಂದ ನಿವೃತ್ತರಾಗಿದ್ದರು. ದುಡಿದದ್ದು ಅವರ ಅವಧಿಯಲ್ಲಿ, ಫಲ ಕಂಡದ್ದು ಅನಂತರ.

ಇದರಿಂದ ತಿಳಿಯಬೇಕಾದುದಿಷ್ಟು. ಸೋತವನು "ನಾನು ನಿಷ್ಪ್ರಯೋಜಕ" ಎನ್ನುವುದು ವಿನಯವಲ್ಲ, ವಿಚಾರದ ಆಲಸ್ಯ. ಇಡೀ ರಾಕೆಟ್ಟು ಕೆಟ್ಟದ್ದೆಂದು ಯಾರೂ ಬರೆದಿಡಲಿಲ್ಲ. ಕೆಟ್ಟ ಭಾಗವನ್ನು ಹುಡುಕಿದರು. ಹಾಗೆಯೇ ಒಂದು ಹಾಳೆಯಲ್ಲಿ ಬರೆದು ನೋಡಬೇಕು: ತಿಳಿವಳಿಕೆ ಸಾಲದಾಯಿತೆ, ಮಾತು ಕಟುವಾಯಿತೆ, ಅಳತೆ ಮೀರಿ ಸಾಲ ಮಾಡಿದೆನೆ, ಅಥವಾ ನನ್ನ ಕೈಮೀರಿದ ಕಾರಣವೆ? ತನ್ನದಾದುದನ್ನು ತಿದ್ದಿಕೊಳ್ಳಬೇಕು; ತನ್ನದಲ್ಲದುದನ್ನು ಹೊತ್ತು ತಿರುಗಬಾರದು. ಅರ್ಧ ಸಂಬಳದ ಕೆಲಸ ದೊರೆತರೂ ಕೆಳಗಿನ ಕಕ್ಷೆಯೆಂದು ಭಾವಿಸಿ ಸ್ವೀಕರಿಸಬೇಕು.

ಮನೆಯವರೂ ತಮ್ಮ ಭಾಗವನ್ನು ಮರೆಯಬಾರದು. ನಷ್ಟದ ಸುದ್ದಿಯನ್ನು ಹೆಂಡತಿಗೆ ಅಂದೇ ತಿಳಿಸುವುದು ಗಂಡನ ಧರ್ಮವಾದರೆ, ಕೇಳಿದ ಮೇಲೆ ಹಂಗಿಸದಿರುವುದು ಮನೆಯವರ ಧರ್ಮ. ದೊಡ್ಡಪ್ಪನ ಮಗನ ಸಂಬಳವನ್ನು ಊಟದ ಎಲೆಯ ಮುಂದೆ ಎತ್ತಬೇಡಿ. ಆ ವರ್ಷ ಹಬ್ಬವನ್ನು ಒಂದು ಪಾಯಸದಲ್ಲಿ ಮುಗಿಸಿದರೆ ಲೋಪವಿಲ್ಲ. ಮಕ್ಕಳ ಶಾಲೆಯ ಶುಲ್ಕ ನಿಲ್ಲದಿರಲಿ.

ಪ್ರಯತ್ನ ನಮ್ಮದು, ಫಲದ ಕಾಲ ನಮ್ಮದಲ್ಲ. ಸೋತು ಮನೆಯಲ್ಲಿ ಕುಳಿತವರು ನಿಮ್ಮ ಬಂಧುವರ್ಗದಲ್ಲಿದ್ದರೆ, ಮುಂದಿನ ಉತ್ಸವಕ್ಕೆ ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ. ಕೆಲಸದ ವಿಷಯ ಅವರಾಗಿಯೇ ಎತ್ತುವವರೆಗೆ ಕೇಳದಿರಿ.