ಬಣ್ಣಕ್ಕೆ ಮೊದಲು ಬುಡ ನೋಡು

ಪ್ರೀತಿಯ ಪುಟ್ಟಿಗೆ,

ಎಂ.ಎಸ್ಸಿ. ಮೊದಲ ಸೆಮಿಸ್ಟರ್‌ನಲ್ಲೇ ಆರ್ ಎಂಬ ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದ್ದೀಯ ಎಂದು ತಿಳಿದು ತುಂಬ ಸಂತೋಷವಾಯಿತು. ನೀನು ಕಳಿಸಿದ ಬಾರ್ ಚಾರ್ಟ್ ನೋಡಿದೆ. ಕಂಬಗಳಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಕೇಳಿದ್ದೀಯ. ಅದನ್ನೂ ಹೇಳುತ್ತೇನೆ. ಅದಕ್ಕೂ ಮೊದಲು ನೀನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಚಿತ್ರ ನೋಡುವವರು ಯಾವ ಕಂಬವನ್ನು ಯಾವುದರ ಜೊತೆ ಹೋಲಿಸಬೇಕು? ಇದು ತೀರ್ಮಾನವಾದರೆ ಉಳಿದ ಆಯ್ಕೆಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ತೀರ್ಮಾನವಾಗುತ್ತವೆ. ನಿನ್ನ ಓರಗೆಯ ಎಷ್ಟೋ ಮಕ್ಕಳು ಇದೇ ಪ್ರಶ್ನೆ ಕೇಳುವುದರಿಂದ ಎಲ್ಲರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಆರ್ ಜೊತೆಗೇ ಬರುವ ವಿಎಡೆತ್ಸ್ ಎಂಬ ಪುಟ್ಟ ಕೋಷ್ಟಕ ನಿನ್ನ ಕಂಪ್ಯೂಟರಿನಲ್ಲೂ ಇದೆ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 1940ರಲ್ಲಿ ಸಾವಿರ ಜನಕ್ಕೆ ಎಷ್ಟು ಸಾವು ಎಂಬುದರ ಲೆಕ್ಕ ಅದು. 50ರಿಂದ 74ರವರೆಗೆ ಐದು ವಯೋಗುಂಪುಗಳು. ಹಳ್ಳಿಯ ಗಂಡಸರು, ಹಳ್ಳಿಯ ಹೆಂಗಸರು, ಪಟ್ಟಣದ ಗಂಡಸರು, ಪಟ್ಟಣದ ಹೆಂಗಸರು ಎಂದು ನಾಲ್ಕು ಕಾಲಂ. ಅದನ್ನು ಬಾರ್‌ಪ್ಲಾಟ್ ಫಂಕ್ಷನ್‌ಗೆ ಹಾಗೆಯೇ ಕೊಟ್ಟು ನೋಡು. ಒಂದರ ಮೇಲೊಂದು ಐದು ತುಂಡು ಪೇರಿಸಿದ ನಾಲ್ಕು ಕಂಬಗಳು ಬರುತ್ತವೆ. ಹಳ್ಳಿಯ ಗಂಡಸರ ಕಂಬದ ತುದಿ 163.7ಕ್ಕೆ ಮುಟ್ಟುತ್ತದೆ. ಈ 163.7ಕ್ಕೆ ಅರ್ಥವೇನು? ಯಾವ ಅರ್ಥವೂ ಇಲ್ಲ. ತಲೆ ಎಣಿಕೆಯನ್ನಾದರೆ ಕೂಡಬಹುದು. ಐದು ವಯಸ್ಸಿನವರ ಸಾವಿನ ದರಗಳನ್ನು ಕೂಡಿದರೆ ಅದು ಯಾರ ದರವೂ ಆಗುವುದಿಲ್ಲ. ಆದರೆ ಚಿತ್ರ ಅಚ್ಚುಕಟ್ಟಾಗಿಯೇ ಕಾಣುತ್ತದೆ, ಆರ್ ಎಚ್ಚರಿಕೆಯ ಒಂದು ಮಾತನ್ನೂ ಆಡುವುದಿಲ್ಲ.

ಬಿಸೈಡ್ ಎಂಬುದನ್ನು ಟ್ರೂ ಎಂದು ಕೊಡು. ತುಂಡುಗಳೆಲ್ಲ ಕೆಳಗಿಳಿದು ಸೊನ್ನೆಯ ಗೆರೆಯ ಮೇಲೆ ಪಕ್ಕಪಕ್ಕ ನಿಲ್ಲುತ್ತವೆ. ಒಂದೇ ಗೆರೆಯಿಂದ ಎದ್ದ ಉದ್ದಗಳನ್ನು ನಮ್ಮ ಕಣ್ಣು ಚೆನ್ನಾಗಿ ಅಳೆಯುತ್ತದೆ, ತೇಲುವ ತುಂಡುಗಳನ್ನು ಅಷ್ಟು ಚೆನ್ನಾಗಿ ಅಳೆಯಲಾರದು. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಈಗ ಒಂದೊಂದು ಗುಂಪಿನಲ್ಲಿ ಐದು ವಯಸ್ಸುಗಳಿವೆ. ವಯಸ್ಸಾದಂತೆ ಸಾವು ಹೆಚ್ಚುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ? ಹಳ್ಳಿಗೂ ಪಟ್ಟಣಕ್ಕೂ ಇರುವ ವ್ಯತ್ಯಾಸ ತೋರಿಸಬೇಕಿದ್ದರೆ ಟಿ ಫಂಕ್ಷನ್ ಬಳಸಿ ಕೋಷ್ಟಕವನ್ನು ಅಡ್ಡಡ್ಡ ತಿರುಗಿಸು. ಆಗ 65-69ರ ಗುಂಪಿನಲ್ಲಿ ಹಳ್ಳಿಯ ಗಂಡಸರ 41.0, ಪಟ್ಟಣದ ಗಂಡಸರ 54.6 ಎರಡೂ ಒಟ್ಟಿಗೆ ಬರುತ್ತವೆ. ನಡುವೆ ಹಳ್ಳಿಯ ಹೆಂಗಸರ ಕಂಬ ನಿಂತಿರುತ್ತದೆ. ಮೂಲ ಕೋಷ್ಟಕದ ಕಾಲಂಗಳ ಕ್ರಮ ಬದಲಿಸಿ ಅದನ್ನು ಅತ್ತ ಸರಿಸಿದರೆ ಎರಡು ಕಂಬಗಳೂ ಅಕ್ಕಪಕ್ಕ ನಿಂತು ಹೇಳಬೇಕಾದ್ದನ್ನು ಹೇಳುತ್ತವೆ. ಇಷ್ಟು ಹೊತ್ತಿಗೆ ಬಣ್ಣದ ಮಾತೇ ಬಂದಿಲ್ಲ, ನೋಡು.

ಇನ್ನು ಬುಡದ ವಿಚಾರ: ಕಂಬ ಸೊನ್ನೆಯಿಂದಲೇ ಏಳಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. 41.0ಕ್ಕಿಂತ 54.6 ಸುಮಾರು ಮೂರನೇ ಒಂದು ಪಾಲು ಹೆಚ್ಚು. ಅಕ್ಷವನ್ನು 40ರಿಂದ ಶುರು ಮಾಡಿದರೆ ಮೊದಲ ಕಂಬದ ಎತ್ತರ 1, ಎರಡನೆಯದರದು 14.6. ಪಟ್ಟಣದ ಗಂಡಸರು ಹದಿನಾಲ್ಕು ಪಟ್ಟು ಹೆಚ್ಚು ಸಾಯುತ್ತಿದ್ದರು ಎಂದು ನೋಡಿದವರು ನಂಬಿದರೆ ತಪ್ಪು ಅವರದಲ್ಲ. ಅಕ್ಷದ ಮಿತಿ ಹೇಳುವ ವೈಲಿಮ್‌ನಲ್ಲಿ ಕೆಳಮಿತಿ 40 ಎಂದು ಕೊಟ್ಟರೆ ಬಾರ್‌ಪ್ಲಾಟ್‌ನ ಕಂಬಗಳು ಅಕ್ಷವನ್ನು ದಾಟಿ ಕೆಳಗಿನ ಹೆಸರುಗಳ ಮೇಲೆ ಹರಿದುಹೋಗುತ್ತವೆ. ಜಿಜಿಪ್ಲಾಟ್2 ಎಂಬ ಪ್ಯಾಕೇಜಿನಲ್ಲಿ ಅಳತೆಯ ಮಿತಿಯನ್ನು ಹಾಗೆ ಕೊಟ್ಟರೆ ಕಂಬಗಳೇ ಮಾಯವಾಗಿ ಎಚ್ಚರಿಕೆಯ ಸಾಲೊಂದು ಉಳಿಯುತ್ತದೆ. ಇದನ್ನು ತಪ್ಪಿಸುವ ಉಪಾಯ ಎರಡರಲ್ಲೂ ಉಂಟು, ಹುಡುಕಿದರೆ ಸಿಗುತ್ತದೆ. ದಯವಿಟ್ಟು ಹುಡುಕಬೇಡ. ಸಣ್ಣ ವ್ಯತ್ಯಾಸವೇ ನಿನ್ನ ವಿಷಯವಾಗಿದ್ದರೆ ಕಂಬ ಬಿಟ್ಟು ಚುಕ್ಕೆ ಇಡು. ಡಾಟ್‌ಚಾರ್ಟ್ ಎಂಬ ಫಂಕ್ಷನ್ ಅದಕ್ಕೇ ಇದೆ. ಚುಕ್ಕೆಯಲ್ಲಿ ನಾವು ಓದುವುದು ಸ್ಥಾನವನ್ನು, ಉದ್ದವನ್ನಲ್ಲ. ಹಾಗಾಗಿ ಅದು ಸೊನ್ನೆಯಿಂದಲೇ ಶುರುವಾಗಬೇಕಿಲ್ಲ.

ಕ್ರಮದ ಬಗ್ಗೆಯೂ ಒಂದು ಮಾತು. ಪಠ್ಯವಾಗಿ ಬಂದ ಹೆಸರುಗಳನ್ನು ಜಿಜಿಪ್ಲಾಟ್2 ಅಕಾರಾದಿಯಾಗಿ ಜೋಡಿಸುತ್ತದೆ. ನಮ್ಮ ಜನಗಣತಿಯ ವಯೋಗುಂಪುಗಳನ್ನು ಹಾಗೇ ಕೊಟ್ಟರೆ 0-4 ಆದಮೇಲೆ 10-14 ಬರುತ್ತದೆ, 5-9 ಎಲ್ಲೋ 45-49ರ ಆಚೆ ಹೋಗಿ ಕೂರುತ್ತದೆ. ಫ್ಯಾಕ್ಟರ್ ಮಾಡಿ ಲೆವೆಲ್‌ಗಳನ್ನು ನೀನೇ ಬರೆದುಕೊಡು. ಜಿಲ್ಲೆ, ಬೆಳೆ ಮುಂತಾದವುಗಳಿಗೆ ಸಹಜ ಕ್ರಮವಿಲ್ಲ. ಅವನ್ನು ರಿಆರ್ಡರ್ ಬಳಸಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಸು. ಅಂದಹಾಗೆ ಜಿಜಿಪ್ಲಾಟ್2ರ ಜಿಯೋಮ್ ಬಾರ್ ಸಾಲುಗಳನ್ನು ಎಣಿಸುತ್ತದೆ, ಜಿಯೋಮ್ ಕಾಲ್ ನೀನು ಕೊಟ್ಟ ಬೆಲೆಯನ್ನೇ ಎತ್ತರವಾಗಿ ಬರೆಯುತ್ತದೆ. ಎಣಿಸಿ ಮುಗಿಸಿದ ಕೋಷ್ಟಕಕ್ಕೆ ಎರಡನೆಯದೇ ಬೇಕು.

ಹೆಸರುಗಳು ಉದ್ದವಾಗಿದ್ದರೆ ಬಾರ್‌ಪ್ಲಾಟ್ ಒಂದರ ಮೇಲೊಂದು ಬೀಳುವಂಥವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹೆಸರುಗಳ ದಿಕ್ಕು ಹೇಳುವ ಲಾಸ್‌ಗೆ 2 ಎಂದು ಕೊಟ್ಟರೆ ಅವು ನೆಟ್ಟಗೆ ನಿಲ್ಲುತ್ತವೆ, ಓದುವವರು ಕತ್ತು ಓರೆ ಮಾಡಬೇಕು. ಅದರ ಬದಲು ಹೊರಿಜ್ ಟ್ರೂ ಎಂದು ಕಂಬಗಳನ್ನೇ ಮಲಗಿಸು, ಲಾಸ್ 1 ಇಡು, ಮಾರ್‌ನಲ್ಲಿ ಎಡ ಅಂಚಿಗೆ ಹೆಚ್ಚು ಜಾಗ ಕೊಡು. ಅಂಚುಗಳ ಕ್ರಮ ಕೆಳಗೆ, ಎಡ, ಮೇಲೆ, ಬಲ. ವಿಲಿಯಂ ಪ್ಲೇಫೇರ್ 1786ರಲ್ಲಿ ಸ್ಕಾಟ್ಲೆಂಡಿನ ಆಮದು ರಫ್ತನ್ನು ಹದಿನೇಳು ದೇಶಗಳ ಹೆಸರಿನ ಜೊತೆ ತೋರಿಸಿದಾಗ ಕಂಬಗಳನ್ನು ಮಲಗಿಸಿಯೇ ಬರೆದಿದ್ದ. ಕಂಬದ ತಲೆಯ ಮೇಲೆ ಅಂಕಿ ಬರೆಯುವುದಿದ್ದರೆ 1, 2, 3 ಎಂಬ ಸ್ಥಾನ ಕೊಡಬೇಡ; ಒಂಟಿ ಕಂಬಗಳ ಚಿತ್ರದಲ್ಲಿ ಅವುಗಳ ನಡುಬಿಂದು 0.7, 1.9, 3.1 ಎಂದು ಸಾಗುತ್ತದೆ. ಬಾರ್‌ಪ್ಲಾಟ್ ಆ ಬಿಂದುಗಳನ್ನು ತಾನೇ ಹಿಂತಿರುಗಿಸುತ್ತದೆ, ಒಂದು ಹೆಸರಿನಲ್ಲಿ ಹಿಡಿದಿಟ್ಟು ಟೆಕ್ಸ್ಟ್ ಫಂಕ್ಷನ್‌ಗೆ ಕೊಡು.

ಚಿತ್ರದ ಮೇಲೆ ಕನ್ನಡದಲ್ಲಿ ಬರೆ ಎಂದು ಒತ್ತಾಯ ಮಾಡುತ್ತೇನೆ. ಮಾಮೂಲಿ ಪಿಡಿಎಫ್ ಆಜ್ಞೆ ಕನ್ನಡ ಅಕ್ಷರಗಳ ಜಾಗದಲ್ಲಿ ಚುಕ್ಕೆಗಳನ್ನಿಡುತ್ತದೆ. ಅದನ್ನು ನೋಡಿ ಆರ್‌ನಲ್ಲಿ ಕನ್ನಡ ಬರುವುದಿಲ್ಲ ಎಂದು ಕೈಬಿಟ್ಟವರು ಇದ್ದಾರೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿಕೊಂಡು ಕೈರೋ ಪಿಡಿಎಫ್‌ನಲ್ಲೋ ರಾಗ್ ಪ್ಯಾಕೇಜಿನಲ್ಲೋ ಉಳಿಸಿದರೆ ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ.

ಇನ್ನು ನೀನು ಕೇಳಿದ ಬಣ್ಣ. ಒಂದೇ ಸಾಲಿನ ಕಂಬಗಳಾದರೆ ಎಲ್ಲವೂ ಬೂದು ಇರಲಿ, ನೀನು ಮಾತಾಡುತ್ತಿರುವ ಒಂದಕ್ಕೆ ಮಾತ್ರ ಬಣ್ಣ ಹಾಕು. ಗುಂಪುಗಳಿಗೆ ಬೇರೆ ಬೇರೆ ಬಣ್ಣ ಬೇಕೇಬೇಕಾದರೆ ಆರ್ 4.0.0ರಿಂದ ಈಚೆಗೆ ಪ್ಯಾಲೆಟ್ ಕಲರ್ಸ್‌ನಲ್ಲಿ ಒಕಾಬೆ-ಇಟೊ ಎಂಬ ಬಣ್ಣಗಳ ಗಣವಿದೆ. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವರಿಗೂ ಅದರ ಬಣ್ಣಗಳ ವ್ಯತ್ಯಾಸ ತಿಳಿಯುತ್ತದೆ.

ಈ ವಾರ ವಿಎಡೆತ್ಸ್ ತೆಗೆದುಕೊಂಡು ಹಳ್ಳಿ-ಪಟ್ಟಣದ ಹೋಲಿಕೆಯ ಚಿತ್ರವೊಂದನ್ನು ಕನ್ನಡದ ಹೆಸರುಗಳೊಂದಿಗೆ ಮಾಡಿ ಕಳಿಸು. ಏನನ್ನು ಯಾವುದರ ಜೊತೆ ಹೋಲಿಸಿದ್ದೀಯ ಎಂದು ಕೆಳಗೆ ಒಂದೇ ಸಾಲಿನಲ್ಲಿ ಬರೆ. ಆ ಸಾಲನ್ನು ಮುಚ್ಚಿಟ್ಟುಕೊಂಡು ಮೊದಲು ಚಿತ್ರವನ್ನಷ್ಟೇ ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ