ಮಗುವಿಗೆಂದು ಬೇರೆ ಪಾತ್ರೆ ಇಡಬೇಡಿ

ಬೆಳಿಗ್ಗೆ ಏಳೂವರೆ. ಬೆಂಗಳೂರಿನ ಬಸವೇಶ್ವರನಗರದ ಒಂದು ಮನೆಯ ಅಡುಗೆಮನೆ. ಒಂದು ಒಲೆಯ ಮೇಲೆ ದೊಡ್ಡವರಿಗೆ ಉಪ್ಪಿಟ್ಟು, ಪಕ್ಕದ ಒಲೆಯ ಮೇಲೆ ಮಗುವಿಗೆ ನೂಡಲ್ಸ್. ಕೆಳಗೆ ಸ್ಕೂಲ್ ವ್ಯಾನಿನವರು ಹಾರನ್ ಒತ್ತುತ್ತಿದ್ದಾರೆ, ಅಜ್ಜಿ ಇನ್ನೊಂದು ಸಾಕ್ಸ್ ಹುಡುಕುತ್ತಿದ್ದಾರೆ. ರಾಜಾಜಿನಗರದಲ್ಲೂ ವಿಜಯನಗರದಲ್ಲೂ ಕೆಂಗೇರಿಯಲ್ಲೂ ಇದೇ ದೃಶ್ಯ. ಈ ಲೇಖನ ಕೇಳುವುದು ಇಷ್ಟೇ: ಆ ಎರಡನೇ ಒಲೆ ಆರಿಸಿ. ಮನೆಯವರೆಲ್ಲ ಉಣ್ಣುವುದನ್ನೇ ಮಗುವೂ ಉಣ್ಣುವ ಹಾಗೆ ಅಡುಗೆಯನ್ನು ಸ್ವಲ್ಪ ತಿರುಗಿಸಿಕೊಳ್ಳಿ.

ಯಾಕೆ ಅಂದರೆ, ನಮ್ಮ ಮಕ್ಕಳ ಹೊಟ್ಟೆ ತುಂಬುತ್ತಿದೆ, ರಕ್ತ ತುಂಬುತ್ತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 60.9 ಇತ್ತು. ಇದು ಬಡವರ ಮನೆಯ ಕಥೆ ಎಂದುಕೊಳ್ಳಬೇಡಿ. ಬೆಳಿಗ್ಗೆ ಹಾಲು, ಮಧ್ಯಾಹ್ನ ಮೊಸರನ್ನ, ಸಂಜೆ ಹಾಲು–ಬಿಸ್ಕತ್ತು, ರಾತ್ರಿ ತಿಳಿಸಾರು ಅನ್ನ: ಅನುಕೂಲಸ್ಥರ ಮನೆಯ ಮಗುವಿನ ದಿನವೂ ಹೀಗೇ ಕಳೆಯುತ್ತದೆ. ಇದರಲ್ಲಿ ಕಬ್ಬಿಣ ಎಲ್ಲಿದೆ? ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ, 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಹಾಲಿನಿಂದ ಎರಡನೆಯದು ಸಿಗುತ್ತದೆ, ಮೊದಲನೆಯದು ಸಿಗುವುದಿಲ್ಲ.

ಭಾನುವಾರದ ಎರಡು ಗಂಟೆ

ಕೆಲಸ ಶುರುವಾಗುವುದು ಸೊಪ್ಪಿನಿಂದ. ಹಾಪ್‌ಕಾಮ್ಸ್ ಮಳಿಗೆಯಾಗಲಿ, ಮನೆ ಬಾಗಿಲಿಗೆ ಬರುವ ತಳ್ಳುಗಾಡಿಯಾಗಲಿ, ವಾರಕ್ಕೆ ಕನಿಷ್ಠ ಮೂರು ಬಗೆ ಕೊಳ್ಳಿ. ದಂಟು, ಸಬ್ಬಸಿಗೆ, ಮೆಂತ್ಯ, ನುಗ್ಗೆ, ಸಿಕ್ಕರೆ ಬೆರಕೆ ಸೊಪ್ಪು. ಕೊಳ್ಳುವಾಗ ಒಂದು ಪ್ರಶ್ನೆ ಮರೆಯಬೇಡಿ: ‘ಎಲ್ಲಿ ಬೆಳೆದಿದ್ದಮ್ಮಾ ಇದು?’ ವೃಷಭಾವತಿ ನದಿ ನಮ್ಮ ಬಡಾವಣೆಗಳ ಕೊಳಚೆಯನ್ನೇ ಹೊತ್ತು ಕೆಂಗೇರಿ ದಾಟಿ ಹರಿಯುತ್ತದೆ. ಆ ನೀರು ಹಾಯಿಸಿ ಬೆಳೆದ ಸೊಪ್ಪು ನೋಡಲು ಹಸಿರಾಗಿಯೇ ಇರುತ್ತದೆ. ಉಪ್ಪುನೀರಿನಲ್ಲಿ ತೊಳೆದರೆ ಮಣ್ಣು, ಹುಳ ಹೋಗಬಹುದು. ಗಿಡ ಬೇರಿನಿಂದಲೇ ಹೀರಿಕೊಂಡ ಸೀಸ, ಕ್ಯಾಡ್ಮಿಯಂ ತೊಳೆದರೆ ಹೋಗುವುದಿಲ್ಲ. ಆದ್ದರಿಂದ ಗೊತ್ತಿರುವವರ ಹತ್ತಿರವೇ ಕೊಳ್ಳಿ. ತಾರಸಿಯಲ್ಲಿ ನಾಲ್ಕು ಕುಂಡ ಇಡಲು ಜಾಗವಿದ್ದರೆ ದಂಟಿನ ಬೀಜ ಚೆಲ್ಲಿ. ಮೂರು–ನಾಲ್ಕು ವಾರಕ್ಕೆ ಕೈಗೆ ಬರುತ್ತದೆ.

ಸೊಪ್ಪನ್ನು ಆ ದಿನವೇ ಬಿಡಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿಗಿಡಿ. ಬುಧವಾರ ರಾತ್ರಿ ಎಂಟಕ್ಕೆ ಆಫೀಸಿನಿಂದ ಬಂದು ಯಾರೂ ಸೊಪ್ಪು ಬಿಡಿಸುವುದಿಲ್ಲ; ನಾನಂತೂ ಬಿಡಿಸಿಲ್ಲ.

ಭಾನುವಾರ ರಾತ್ರಿಯೇ ಹೆಸರುಕಾಳು, ಹುರುಳಿಕಾಳು ನೆನೆಹಾಕಿ. ಸೋಮವಾರ ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೆಯ ದಿನಕ್ಕೆ ಮೊಳಕೆ. ಮೊಳಕೆಯೊಡೆದಾಗ ಕಾಳಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟಿರುವ ಫೈಟೇಟ್ ಅಂಶ ಇಳಿಯುತ್ತದೆ, ವಿಟಮಿನ್ ಸಿ ಹುಟ್ಟುತ್ತದೆ. ಅಕ್ಕಿ ಮೂರು ಪಾಲಾದರೆ ಬೇಳೆ–ಕಾಳು ಒಂದು ಪಾಲು ಎಂಬುದು ನೆನಪಿಡಬಹುದಾದ ಅಳತೆ. ನಮ್ಮ ತಿಳಿಸಾರು ಈ ಅಳತೆಯಲ್ಲಿ ಹೆಚ್ಚಾಗಿ ಸೋಲುತ್ತದೆ.

ರಾಗಿಗೆ ಮಾತ್ರ ಪುರುಸೊತ್ತು ಬೇಕು

ರಾಗಿಯ ಬಗ್ಗೆ ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ರಾಜ್ಯ ಸರ್ಕಾರ 2024ರ ಫೆಬ್ರುವರಿಯಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದೆ. ಖಾಸಗಿ ಶಾಲೆಯ ಮಗು ಅದೇ ಹೊತ್ತಿಗೆ ಸಕ್ಕರೆ ಬೆರೆತ ಕಾರ್ನ್‌ಫ್ಲೇಕ್ಸ್ ತಿನ್ನುತ್ತಿರುತ್ತದೆ.

ಮಾಲ್ಟ್ ಮನೆಯಲ್ಲೇ ಮಾಡುವುದು ಹೀಗೆ. ಒಂದು ಕೆಜಿ ರಾಗಿಯನ್ನು ಕಲ್ಲು ಹೋಗುವಂತೆ ಜಾಲಿಸಿ, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆಯಿರಿ. ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಬಸಿದು ಒದ್ದೆ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಯೊಳಗಿಟ್ಟು ಮುಚ್ಚಿ, ಬಟ್ಟೆ ಒಣಗಿದಾಗ ನೀರು ಚಿಮುಕಿಸಿ. ಏಪ್ರಿಲ್‌ನಲ್ಲಿ ಒಂದು ದಿನ ಸಾಕು, ಡಿಸೆಂಬರ್ ಚಳಿಯಲ್ಲಿ ಎರಡು ದಿನ ಬೇಕು. ಬಿಳಿ ಮೊಳಕೆ ಕಂಡ ಮೇಲೆ ತಾರಸಿಯಲ್ಲಿ ತೆಳುವಾಗಿ ಹರಡಿ ಚೆನ್ನಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಘಮ ಬರುವಷ್ಟೇ ಹುರಿದು ಮಿಲ್ಲಿಗೆ ಹಾಕಿಸಿ. ಮಿಲ್ಲಿನವರಿಗೆ ಮುಂಚೆಯೇ ಹೇಳಿ: ಮೆಣಸಿನಪುಡಿ ಮಾಡಿದ ಮೇಲೆ ಹಾಕಬೇಡಿ ಅಂತ. ಒಂದು ಸಲ ಇದನ್ನು ಹೇಳಲು ಮರೆತು, ಮಗುವಿನ ರಾಗಿಯನ್ನು ತಿಂಗಳಿಡೀ ನಾವೇ ಗಂಜಿ ಕಾಯಿಸಿ ಕುಡಿದೆವು, ಸೀನುತ್ತಾ.

ಮೊಳಕೆ ಕಟ್ಟಿದ ಹಿಟ್ಟು ಅಂಟಂಟಾಗಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಒಂದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಮಗುವಿನ ಹೊಟ್ಟೆ ಚಿಕ್ಕದು, ಈ ಲೆಕ್ಕ ಮುಖ್ಯ. ಆರು ತಿಂಗಳು ತುಂಬಿದ ಕೂಸಿಗೆ ರಾಗಿ ಸರಿ ಮಾಡುವಾಗ ಬಟ್ಟೆಯಲ್ಲಿ ಶೋಧಿಸುತ್ತೇವಲ್ಲ, ಅದನ್ನು ವರ್ಷ ದಾಟಿದ ಮೇಲೂ ಮುಂದುವರಿಸಬೇಡಿ. ಕ್ಯಾಲ್ಸಿಯಂ ಹೆಚ್ಚಿರುವುದು ಸಿಪ್ಪೆಯಲ್ಲಿಯೇ. ಬೆಲ್ಲ ಹಾಕಿದರೆ ಕಬ್ಬಿಣ ಸಿಗುತ್ತದೆ ಎಂದು ಕೈತುಂಬ ಹಾಕುವವರಿದ್ದಾರೆ. ಮಗುವಿಗೆ ಹಾಕುವ ಒಂದೆರಡು ಚಮಚದಲ್ಲಿ ಸಿಗುವುದು ಅತ್ಯಲ್ಪ, ಉಳಿದದ್ದೆಲ್ಲ ಸಕ್ಕರೆಯೇ. ಎರಡು ವರ್ಷ ತುಂಬುವವರೆಗೆ ಸಕ್ಕರೆ, ಬೆಲ್ಲ ಎರಡೂ ಬೇಡ, ಕಿವುಚಿದ ಬಾಳೆಹಣ್ಣು ಸಾಕು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಡಿ, ಅಜ್ಜಿ ಎಷ್ಟೇ ಬೇಜಾರು ಮಾಡಿಕೊಂಡರೂ.

ಒಂದೇ ಪಾತ್ರೆ, ಎರಡು ಹದ

ಈಗ ಎರಡನೇ ಒಲೆ ಆರಿಸುವ ವಿದ್ಯೆ. ಮಸ್ಸೊಪ್ಪನ್ನೇ ತೆಗೆದುಕೊಳ್ಳಿ. ಒಂದು ಲೋಟ ತೊಗರಿಬೇಳೆ, ಎರಡು ಕಟ್ಟು ಸೊಪ್ಪು, ಎರಡು ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ ಕುಕ್ಕರಿನಲ್ಲಿ ಮೂರು ವಿಷಲ್. ಕಡಗೋಲಿನಿಂದ ಮಸೆಯಿರಿ. ಮೆಣಸಿನಕಾಯಿ, ಉಪ್ಪು ಬೀಳುವ ಮುಂಚೆ ಮಗುವಿನ ಪಾಲನ್ನು ಬೇರೆ ಬಟ್ಟಲಿಗೆ ತೆಗೆಯಿರಿ. ವರ್ಷ ದಾಟಿದ್ದರೆ ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ, ಅರ್ಧ ಹೋಳು ನಿಂಬೆರಸ. ಸೊಪ್ಪು–ಕಾಳಿನ ಕಬ್ಬಿಣವನ್ನು ಮೈಗೆ ಹತ್ತಿಸುವುದು ಈ ನಿಂಬೆಹಣ್ಣು. ಉಳಿದದ್ದಕ್ಕೆ ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ ದೊಡ್ಡವರಿಗೆ ಮುದ್ದೆಯ ಜೊತೆ ಬಡಿಸಿ.

ಹುರುಳಿ ಬಸ್ಸಾರು, ಅವರೆಕಾಲದಲ್ಲಿ ಹಿತಕಿದಬೇಳೆ ಸಾರು, ಹೆಸರುಬೇಳೆ ಕಿಚಡಿ ಎಲ್ಲಕ್ಕೂ ಇದೇ ಕ್ರಮ. ಮೊಟ್ಟೆ ತಿನ್ನುವ ಮನೆಯಾದರೆ ದಿನಕ್ಕೊಂದು ಕೊಡಿ, ಕೋಳಿಸಾರಿನ ತುಂಡನ್ನು ಎಳೆ ಬಿಡಿಸಿ ಕೊಡಿ; ಮಾಂಸದ ಕಬ್ಬಿಣ ಸೊಪ್ಪಿನದಕ್ಕಿಂತ ಬೇಗ ರಕ್ತಕ್ಕೆ ಸೇರುತ್ತದೆ. ಊಟದ ಜೊತೆ ಕಾಫಿ–ಟೀ ಗುಟುಕು ಕೊಡುವ ಪ್ರೀತಿ ಬೇಡ, ಅದು ಕಬ್ಬಿಣವನ್ನು ತಡೆಯುತ್ತದೆ. ಹಾಲನ್ನು ದಿನಕ್ಕೆ ಅರ್ಧ ಲೀಟರ್ ದಾಟಿಸಬೇಡಿ. ಹಾಲು ಕುಡಿದೇ ಹೊಟ್ಟೆ ತುಂಬಿಸಿಕೊಂಡ ಮಗು ಊಟಕ್ಕೆ ಬಾಯಿ ಬಿಡುವುದಿಲ್ಲ.

ಹಾಲಿಗೆ ಬೆರೆಸುವ ಪುಡಿಗಳ ವಿಷಯ ಚಿಕ್ಕದಾಗಿ: ಡಬ್ಬದ ಹಿಂದೆ ನೂರು ಗ್ರಾಮಿಗೆ ಎಷ್ಟು ಸಕ್ಕರೆ ಎಂದು ಓದಿ, ನಾಲ್ಕರಿಂದ ಭಾಗಿಸಿ. ಬಂದದ್ದು ಚಮಚದ ಲೆಕ್ಕ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟ ತಾಣಗಳಿಗೆ ಹೇಳಿತು. ಅಷ್ಟು ಸಾಕು.

ಡಬ್ಬಿ, ಮತ್ತು ಸಂಜೆ ನಾಲ್ಕೂವರೆ

ಡಬ್ಬಿಯ ಮೊದಲ ಪರೀಕ್ಷೆ ರುಚಿಯದಲ್ಲ, ಮುಚ್ಚಳದ್ದು. ಮಗು ಅದನ್ನು ತಾನೇ ತೆಗೆಯಬಲ್ಲದೇ? ಮನೆಯಲ್ಲಿ ತೆಗೆಸಿ ನೋಡಿ. ಎರಡನೆಯದು ಸಮಯ. ಬ್ರೇಕಿನ ಅರ್ಧ ಹೊತ್ತು ಆಟಕ್ಕೆ ಹೋಗುತ್ತದೆ. ಐದಾರು ಬಾಯಿಗೆ ಮುಗಿಯುವಷ್ಟೇ ತುಂಬಿ: ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿಯ ಚೂರು, ಮೊಳಕೆಕಾಳು ಬೆರೆಸಿದ ಚಿತ್ರಾನ್ನ, ಪಲ್ಯ ಸುತ್ತಿದ ಚಪಾತಿ, ಅವರೆಕಾಳು ಉಪ್ಪಿಟ್ಟು. ಹಣ್ಣನ್ನು ಹೆಚ್ಚಿಯೇ ಕಳಿಸಿ. ಐದು ವರ್ಷದೊಳಗಿನವರಿಗೆ ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೀಜವನ್ನು ಕುಟ್ಟಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ.

ನಿಜವಾದ ಕಾದಾಟ ಸಂಜೆಯದು. ಶಾಲೆಯಿಂದ ಬರುವ ದಾರಿಯಲ್ಲಿ ಎರಡು ಬೇಕರಿ, ಮೂರು ಚಾಟ್ ಗಾಡಿ. ನಾನು ಬೇಕರಿಯ ವೈರಿ ಅಲ್ಲ. ಪಲ್ಯದ ಬನ್ ಇಲ್ಲದ ಬಾಲ್ಯ ಬೆಂಗಳೂರಿನ ಬಾಲ್ಯವೇ ಅಲ್ಲ. ಆದರೆ ಅದಕ್ಕೊಂದು ವಾರ ಗೊತ್ತು ಮಾಡಿ. ಶನಿವಾರ ಎಂದರೆ ಶನಿವಾರ. ಗೋಬಿ ಮಂಚೂರಿ ಕಣ್ಣು ಕುಕ್ಕುವ ಕೆಂಪಾಗಿದ್ದರೆ ಮುಂದಕ್ಕೆ ನಡೆಯಿರಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು, ಬೊಂಬಾಯಿ ಮಿಠಾಯಿಗೆ ರೋಡಮಿನ್–ಬಿ ಬೆರೆಸುವುದನ್ನು ನಿಷೇಧಿಸಿದೆ. ಉಳಿದ ದಿನಗಳಿಗೆ ಮನೆಗೆ ಬಂದ ಹತ್ತು ನಿಮಿಷದೊಳಗೆ ಕೈಗೆ ಸಿಗುವಂತೆ ಏನಾದರೂ ಇರಲಿ: ರಾಗಿ ಹುರಿಹಿಟ್ಟಿನ ಉಂಡೆ, ಹೆಚ್ಚಿದ ಸೀಬೆಹಣ್ಣು, ಬೆಳಿಗ್ಗೆಯ ಇಡ್ಲಿಯ ಒಗ್ಗರಣೆ. ಹನ್ನೊಂದನೇ ನಿಮಿಷಕ್ಕೆ ಬಿಸ್ಕತ್ತಿನ ಡಬ್ಬ ತೆರೆದಿರುತ್ತದೆ.

ತಟ್ಟೆಯ ಮುಂದೆ

ಏನು ಬಡಿಸಬೇಕು, ಯಾವಾಗ, ಎಲ್ಲಿ ಎನ್ನುವುದು ದೊಡ್ಡವರ ತೀರ್ಮಾನ. ಎಷ್ಟು ತಿನ್ನಬೇಕು ಎನ್ನುವುದು ಮಗುವಿನದು. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಮಾಡಿಕೊಟ್ಟ ಈ ಪಾಲುಪಟ್ಟಿ ನಮ್ಮ ‘ಇನ್ನೊಂದೇ ಒಂದು ತುತ್ತು ಪುಟ್ಟಾ’ಗೆ ಪೂರ್ತಿ ಉಲ್ಟಾ. ಮೊಬೈಲ್ ತೋರಿಸಿ ತುರುಕಿದ ಊಟದಲ್ಲಿ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದು ತಿಳಿಯುವುದೇ ಇಲ್ಲ. ಹೊಸ ರುಚಿ ಒಗ್ಗಲು ಹತ್ತು ಸಲವಾದರೂ ತಟ್ಟೆಗೆ ಬರಬೇಕು, ಎರಡನೇ ಸಲಕ್ಕೆ ‘ಅವನಿಗೆ ಸೇರಲ್ಲ’ ಎಂದು ತೀರ್ಪು ಕೊಡಬೇಡಿ. ನನ್ನ ಮಗಳು ದಂಟಿನಸೊಪ್ಪು ಮುಟ್ಟಿದ್ದು, ನಾನು ಎಣಿಸಿಟ್ಟಿದ್ದ ಹಾಗೆ, ಹದಿಮೂರನೇ ಸಲ. ಅದೂ ಅವಳ ತಟ್ಟೆಯಿಂದಲ್ಲ, ತಾತನ ತಟ್ಟೆಯಿಂದ.

ಇಷ್ಟಾದ ಮೇಲೂ ಮಗು ಬಿಳಿಚಿಕೊಂಡಿದ್ದರೆ, ಮಣ್ಣು, ಸೀಮೆಸುಣ್ಣ ತಿನ್ನುತ್ತಿದ್ದರೆ ಅಡುಗೆಯನ್ನು ನಂಬಿ ಕೂರಬೇಡಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಐದು ವರ್ಷದೊಳಗಿನವರಿಗೆ ವಾರಕ್ಕೆರಡು ಸಲ ಒಂದು ಎಂಎಲ್ ಕೊಡುವ ಕಬ್ಬಿಣಾಂಶದ ಸಿರಪ್ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಆರೋಗ್ಯ ಕೇಂದ್ರವನ್ನೋ ಕೇಳಿ. ಸಿರಪ್ ಶುರುವಾದ ಮೇಲೆ ಮಲ ಕಪ್ಪಾಗುತ್ತದೆ, ಗಾಬರಿಯಾಗಿ ನಿಲ್ಲಿಸಬೇಡಿ.