ಸಿವಿಲ್ ಸೀಟಿನ ಸಾಲ, ಸೈಟಿನ ಸಂಬಳ

ಈ ಅಂಕಣಕಾರನ ಅಣ್ಣ ಚಿತ್ರದುರ್ಗದವರು. ಮಗನನ್ನು ಸಿವಿಲ್ ಎಂಜಿನಿಯರ್ ಮಾಡಲು ಅವರು 8 ಲಕ್ಷ ರೂಪಾಯಿ ಶಿಕ್ಷಣ ಸಾಲ ತೆಗೆದರು. ಸಿಇಟಿ ರ‍್ಯಾಂಕಿಗೆ ಮನಸ್ಸಿಗೆ ಬಂದ ಕಾಲೇಜು ಸಿಗಲಿಲ್ಲ, ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಸೀಟು ಹಿಡಿದರು. ಮೊತ್ತ ಏಳೂವರೆ ಲಕ್ಷ ದಾಟಿದ್ದರಿಂದ ಬ್ಯಾಂಕು ಅಡಮಾನ ಕೇಳಿತು. ಅತ್ತಿಗೆಯ ಹೆಸರಿನಲ್ಲಿದ್ದ ನಿವೇಶನದ ಪತ್ರ ಬ್ಯಾಂಕು ಸೇರಿತು. ಬಡ್ಡಿ ಕಟ್ಟುವ ಮಾತು ಬಂದಾಗ ಎಲ್ಲರೂ ಒಂದೇ ಉತ್ತರ ಕೊಟ್ಟರು: ಮೊರಟೋರಿಯಂ ಇದೆಯಲ್ಲ, ಓದು ಮುಗಿಯಲಿ.

ಆ ಕುಟುಂಬಕ್ಕೆ ದುಬಾರಿಯಾದದ್ದು ಈ ಉತ್ತರ.

ಲೆಕ್ಕ ಹೀಗಿದೆ. ಪ್ರತಿ ವರ್ಷದ ಆರಂಭದಲ್ಲಿ 2 ಲಕ್ಷದಂತೆ ನಾಲ್ಕು ಸಲ ಸಾಲ ಬಿಡುಗಡೆ, ಬಡ್ಡಿ ಶೇ 10. ಓದಿನ ನಾಲ್ಕು ವರ್ಷ ಮತ್ತು ಆಮೇಲಿನ ಒಂದು ವರ್ಷ ಮೊರಟೋರಿಯಂ, ಅಷ್ಟೂ ಕಾಲ ಸರಳ ಬಡ್ಡಿ. ಮೊದಲ 2 ಲಕ್ಷಕ್ಕೆ ಐದು ವರ್ಷದ ಬಡ್ಡಿ 1 ಲಕ್ಷ. ಎರಡನೆಯದಕ್ಕೆ 80 ಸಾವಿರ, ಮೂರನೆಯದಕ್ಕೆ 60 ಸಾವಿರ, ಕೊನೆಯದಕ್ಕೆ 40 ಸಾವಿರ. ಕೂಡಿದರೆ 2.80 ಲಕ್ಷ. ಅದು ಅಸಲಿಗೆ ಸೇರಿ ಸಾಲ 10.80 ಲಕ್ಷವಾಯಿತು. ಹತ್ತು ವರ್ಷದ ಅವಧಿಗೆ ಇಎಂಐ 14,272 ರೂಪಾಯಿ, ಒಟ್ಟು ಕಟ್ಟಬೇಕಾದದ್ದು 17.13 ಲಕ್ಷ.

ಬಡ್ಡಿಯನ್ನು ಆಗಾಗಲೇ ಕಟ್ಟಿದ್ದರೆ? ಮೊದಲ ವರ್ಷ ತಿಂಗಳಿಗೆ 1,667 ರೂಪಾಯಿ. ಎರಡನೇ ವರ್ಷ 3,333, ಮೂರನೇ ವರ್ಷ 5,000, ನಂತರದ ಎರಡು ವರ್ಷ 6,667. ಸಾಲ 8 ಲಕ್ಷದಲ್ಲೇ ನಿಲ್ಲುತ್ತಿತ್ತು, ಇಎಂಐ 10,572ಕ್ಕೆ ಇಳಿಯುತ್ತಿತ್ತು. ಮೊದಲೇ ಕಟ್ಟಿದ ಬಡ್ಡಿಯೂ ಸೇರಿ ಒಟ್ಟು 15.49 ಲಕ್ಷ. ವ್ಯತ್ಯಾಸ 1.64 ಲಕ್ಷ. ಅದಕ್ಕಿಂತ ಮುಖ್ಯವಾದದ್ದು ತಿಂಗಳಿಗೆ ಉಳಿಯುತ್ತಿದ್ದ 3,700 ರೂಪಾಯಿ. ಯಾಕೆಂದರೆ ಹುಡುಗನ ಮೊದಲ ಸಂಬಳ 18 ಸಾವಿರ.

ಹೊಸಕೋಟೆ ಕಡೆಯ ಅಪಾರ್ಟ್‌ಮೆಂಟ್ ಸೈಟೊಂದರಲ್ಲಿ ಅವನು ಸೈಟ್ ಎಂಜಿನಿಯರ್. ಬೆಳಿಗ್ಗೆ ಸೆಂಟ್ರಿಂಗ್ ನೋಡಬೇಕು, ಮಧ್ಯಾಹ್ನ ಸರಳು ಕಟ್ಟಿದ್ದನ್ನು ಡ್ರಾಯಿಂಗ್‌ಗೆ ತಾಳೆ ನೋಡಬೇಕು, ಸ್ಲ್ಯಾಬ್ ಕಾಂಕ್ರೀಟ್ ಇದ್ದ ದಿನ ಮಧ್ಯರಾತ್ರಿ. "ಚಿಕ್ಕಪ್ಪಾ, ಹದಿನೆಂಟು ಬರುತ್ತೆ, ಹದಿನಾಲ್ಕು ಹೋಗುತ್ತೆ. ಕಂಪನಿ ರೂಮು, ಮೆಸ್ಸು ಇರೋದ್ರಿಂದ ಊಟಕ್ಕೆ ಯೋಚನೆ ಇಲ್ಲ" ಎಂದು ಅವನು ಫೋನಿನಲ್ಲಿ ಹೇಳಿದ. ಕಡಿಮೆ ಸಂಬಳದ ಹುದ್ದೆಯನ್ನು ತೂಗುವಾಗ ಈ ರೂಮು, ಮೆಸ್ಸಿನ ಬೆಲೆಯನ್ನೂ ಸಂಬಳಕ್ಕೆ ಸೇರಿಸಿಯೇ ನೋಡಬೇಕು.

ಸಂಬಳ ತಡವಾಗುವುದು ಈ ವೃತ್ತಿಯ ಇನ್ನೊಂದು ಕಷ್ಟ. ಸಣ್ಣ ಗುತ್ತಿಗೆದಾರರಲ್ಲಿ ಆದಷ್ಟು ಕೆಲಸಕ್ಕೆ ಸಲ್ಲಿಸಿದ ಆರ್‌ಎ ಬಿಲ್ ಪಾಸಾಗುವವರೆಗೆ ಸಿಬ್ಬಂದಿಗೂ ದುಡ್ಡಿಲ್ಲ. ಇಎಂಐ ತಾರೀಖು ಮಾತ್ರ ಯಾರಿಗೂ ಕಾಯುವುದಿಲ್ಲ, ಒಂದು ಕಂತು ತಪ್ಪಿದರೂ ಸಿಬಿಲ್‌ನಲ್ಲಿ ದಾಖಲಾಗುತ್ತದೆ. ಮೂರು ಕಂತಿನಷ್ಟು ಹಣ ಖಾತೆಯಲ್ಲಿ ಬೇರೆಯಾಗಿ ಇರದೆ ಸೈಟ್ ಕೆಲಸಕ್ಕೆ ಇಳಿಯಬಾರದು. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ತೆರಿಗೆ ವಿನಾಯಿತಿಯನ್ನು ನೆನಪಿಸಿ ಸಮಾಧಾನ ಹೇಳುವವರಿದ್ದಾರೆ. 18 ಸಾವಿರ ಸಂಬಳಕ್ಕೆ ತೆರಿಗೆಯೇ ಬೀಳುವುದಿಲ್ಲ. ಸಂಬಳ ಏರಿದ ಮೇಲೂ ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಆ ವಿನಾಯಿತಿ ಇಲ್ಲ.

ಇಂಥ ಹುಡುಗರನ್ನೇ ಹುಡುಕಿಕೊಂಡು ಬರುತ್ತದೆ 'ಪ್ಲೇಸ್‌ಮೆಂಟ್ ಸಹಿತ' ಸಾಫ್ಟ್‌ವೇರ್ ಕೋರ್ಸು. ಆಟೊಕ್ಯಾಡ್, ರೆವಿಟ್, ಸ್ಟಾಡ್, ಪ್ರೈಮಾವೆರಾ ಎಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಕಟ್ಟಿ, ಇಎಂಐನಲ್ಲಿ ಮಾರುತ್ತಾರೆ. ಫಾರಂ ಓದಿದರೆ ಅಲ್ಲಿರುವುದು ಕೆಲಸದ ಖಾತರಿಯಲ್ಲ, 'ಸಹಾಯ' ಮಾತ್ರ. ಕೋರ್ಸು ಅರ್ಧಕ್ಕೆ ಬಿಟ್ಟರೂ ಫೈನಾನ್ಸ್ ಕಂಪನಿಯ ಸಾಲ ಹುಡುಗನ ಹೆಸರಿನಲ್ಲಿ ಪೂರ್ತಿ ಉಳಿಯುತ್ತದೆ. ಆಟೊಕ್ಯಾಡ್ ಮತ್ತು ರೆವಿಟ್ ತಯಾರಿಸುವ ಆಟೊಡೆಸ್ಕ್ ಕಂಪನಿಯೇ ವಿದ್ಯಾರ್ಥಿಗಳಿಗೆ ಅವನ್ನು ಉಚಿತವಾಗಿ ಕೊಡುತ್ತದೆ. ಕಾಲೇಜಿನಲ್ಲಿರುವಾಗಲೇ ಕಲಿಯಬಹುದಾದದ್ದಕ್ಕೆ ಪದವಿಯ ನಂತರ ಸಾಲ ಮಾಡಿಸುವುದು ಸರಿಯಾದ ವ್ಯಾಪಾರವಲ್ಲ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ ಡಿಪ್ಲೊಮಾ, ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷ. ಪಿಯುಸಿ ದಾರಿಗೂ ಆರು ವರ್ಷ, ಇದಕ್ಕೂ ಆರೇ ವರ್ಷ. ಸರ್ಕಾರಿ ಪಾಲಿಟೆಕ್ನಿಕ್‌ನ ಶುಲ್ಕಕ್ಕೆ ಯಾರೂ ಸಾಲ ಮಾಡಬೇಕಿಲ್ಲ. ಸಾಲ ಬೇಕಾದರೂ ನಾಲ್ಕು ವರ್ಷದ ಶುಲ್ಕದ ಬದಲು ಮೂರು ವರ್ಷದ್ದಕ್ಕೆ ಸಾಕು. ನಡುವೆ ಓದು ನಿಂತರೂ ಕೈಯಲ್ಲಿ ಜೂನಿಯರ್ ಎಂಜಿನಿಯರ್ ಪರೀಕ್ಷೆ ಬರೆಯುವ ಅರ್ಹತೆ ಇರುತ್ತದೆ. ನೆಂಟರ ಮದುವೆಯಲ್ಲಿ 'ಡಿಪ್ಲೊಮಾನಾ?' ಎಂದು ಕೇಳುವವರಿಗೆ ಹೆದರಿ ಈ ದಾರಿ ಬಿಡುವ ತಂದೆತಾಯಿಗಳು ನಿವೇಶನದ ಪತ್ರ ಅಡವಿಡುತ್ತಾರೆ.

ಸಾಲ ತಗ್ಗಿಸುವ ಇನ್ನೊಂದು ದಾರಿ ವಿದ್ಯಾರ್ಥಿವೇತನ. ಸೆಪ್ಟೆಂಬರ್ 15ರಂದು ಪ್ರತಿ ಕಾಲೇಜಿನಲ್ಲೂ ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಬೀಳುತ್ತದೆ. ಅವರು ಬೆಂಗಳೂರಿನಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ನಿಭಾಯಿಸಿದವರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದರು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಸಂಕೋಚಪಡುವ ಹುಡುಗರು ಇದನ್ನು ತಿಳಿದಿರಬೇಕು.

ಸಿವಿಲ್‌ನಲ್ಲಿ ಸಂಬಳ ಏರುತ್ತದೆ, ಆದರೆ ನಿಧಾನವಾಗಿ, ಅದೂ ಕೆಲಸ ಗೊತ್ತಿರುವವರಿಗೆ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಬರೆದು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 12 ಎಂಎಂ ಸರಳಿಗೆ 0.89 ಕಿಲೋ. ಇದು ಪುಸ್ತಕದಲ್ಲೂ ಇದೆ. ಆದರೆ ಲಾರಿಯಲ್ಲಿ ಬಂದ ಕಬ್ಬಿಣವನ್ನು ಡ್ರಾಯಿಂಗ್‌ಗೆ ಹೊಂದಿಸಿ, ಕಡಿತದ ತುಂಡುಗಳು ಎಷ್ಟು ಪೋಲಾದವು ಎಂದು ಹೇಳಬಲ್ಲವನನ್ನೇ ಗುತ್ತಿಗೆದಾರ ಉಳಿಸಿಕೊಳ್ಳುತ್ತಾನೆ. ಈ ಹುಡುಗ ಬಾರ್ ಬೆಂಡಿಂಗ್ ಮೇಸ್ತ್ರಿಯ ಪಕ್ಕ ನಿಂತು ಅದನ್ನು ಕಲಿತ. ದಿನವೂ ಅಳತೆ ಬರೆದಿಡುವ ಅಭ್ಯಾಸ ಮಾಡಿಕೊಂಡ. ಅದೇ ನೋಟ್‌ಬುಕ್ ಅವನನ್ನು ಬಿಲ್ಲಿಂಗ್ ವಿಭಾಗಕ್ಕೆ ಏರಿಸಿತು. ಜೊತೆಯವರು ಮೊದಲ ಇನ್‌ಕ್ರಿಮೆಂಟಿಗೇ ಬೈಕು ತಂದರು, ಇವನು ಸೈಟ್ ರೂಮಿನಿಂದ ನಡೆದೇ ಹೋಗುತ್ತಾನೆ.

ಸಂಬಳ ಹೆಚ್ಚಾದಷ್ಟೂ ಈಗ ಅಸಲಿಗೆ ಹೋಗುತ್ತಿದೆ. ಫ್ಲೋಟಿಂಗ್ ದರದ ಸಾಲವಾದ್ದರಿಂದ ಮುಂಚಿತವಾಗಿ ಕಟ್ಟಿದರೂ ದಂಡವಿಲ್ಲ. ಹಾಗೆ ಕಟ್ಟಿದಾಗಲೆಲ್ಲ ಇಎಂಐ ಇಳಿಸುವುದು ಬೇಡ, ಅವಧಿ ಇಳಿಸಿ ಎಂದು ಶಾಖೆಗೆ ಬರೆದು ಕೊಡಬೇಕು. ಹೊಸ ಕಂತಿನ ಪಟ್ಟಿಯ ಪ್ರತಿಯನ್ನು ಅಲ್ಲೇ ಕೇಳಿ ಪಡೆಯಬೇಕು.